ಏಳೇ ಅಕ್ಷರ

ತುಜ್ಲಾ. ಮೂರನೇ ಕಿಟಕಿ. ಯುದ್ಧ ನಿಂತು ಮೂರನೇ ಚಳಿಗಾಲ.
ಗಾಜಿನ ಈಚೆ ನಾನು, ಜ಼ುಮ್ರಾ,
ಕಾಲ ಬಳಿ ಕರೆಂಟಿನ ಒಲೆ, ಮೇಜಿನ ಮೇಲೆ
ಬಣ್ಣದ ವಾಸನೆ ಆರದ ಹೊಸ ಫಲಕಗಳ ಕಟ್ಟು.

ಆಚೆ ಚಾಮಿಲ್, ಬ್ರೆಡ್ಡಿನ ವ್ಯಾನಿನವನು.
ಟೋಪಿ ತೆಗೆದ, ಮತ್ತೆ ಹಾಕಿಕೊಂಡ.
"ಇದರಲ್ಲಿ ಊರೆಲ್ಲಿ?"
"ಊರಿಲ್ಲ. ಮೂರು ಅಂಕಿ, ಒಂದು ಅಕ್ಷರ, ಮೂರು ಅಂಕಿ."
"ಮತ್ತೆ ಈ ಕ?"
"ಕ ಅಂದರೆ ಕ. ಸರದಿಯಲ್ಲಿ ಬಿದ್ದದ್ದು.
ಯಾವ ಊರೂ ಅಲ್ಲ, ಯಾರಪ್ಪನ ಹೆಸರೂ ಅಲ್ಲ."

ದಿನಕ್ಕೆ ನಲವತ್ತು ಸಲ ಒಪ್ಪಿಸುವ ಪಾಠ ಅವನಿಗೂ ಒಪ್ಪಿಸಿದೆ:
ಈ ನಾಡಿಗೆ ಲಿಪಿ ಎರಡು. ಮಾತು ಒಂದೇ,
ಬೈದರೆ ಪೂರ್ತಿ ತಿಳಿಯುವಷ್ಟು ಒಂದೇ.
ನಾವು ಪ ಬರೆದರೆ ಗೆರೆಯಾಚೆ ರ ಓದುತ್ತಾರೆ,
ನಮ್ಮ ಬ ಅವರಿಗೆ ವ,
ನಮ್ಮ ಹ ಅವರ ಬಾಯಲ್ಲಿ ನ.
ಮುಖ ನೋಡಿ ನಂಬುವಂತಿಲ್ಲ.
ಅದೇ ಮುಖ, ಅದೇ ದನಿ, ಎರಡೂ ಕಡೆ ಸಲ್ಲುವಂಥವು
ಜರಡಿ ಹಿಡಿದಾಗ ಏಳೇ ಉಳಿದವು:
ಅ, ಎ, ಯ, ಕ, ಮ, ಒ, ತ.

ಬೆರಳು ಮಡಿಸಿ ಎಣಿಸಿದ. "ಚ ಇಲ್ಲ."
"ಜ಼ ಕೂಡ ಇಲ್ಲ. ನಾನೇನು ಅಳುತ್ತಿದ್ದೇನೆಯೇ?"

ಹಳೆಯದರಲ್ಲಿ ಊರಿನ ಎರಡಕ್ಷರ, ಪಕ್ಕದಲ್ಲಿ ಕೆಂಪು ನಕ್ಷತ್ರ.
ಅದನ್ನು ಕಟ್ಟಿಕೊಂಡು ಸಮುದ್ರದವರೆಗೆ ಹೋಗಿದ್ದ;
ದಾರಿಯಲ್ಲಿ ಊರಿನವರು ಎದುರಾದರೆ
ಇಬ್ಬರೂ ಹಾರನ್ ಒತ್ತುತ್ತಿದ್ದರು, ಸುಮ್ಮನೆ, ಖುಷಿಗೆ.
ಆಮೇಲೆ ಅವೇ ಎರಡಕ್ಷರ ಕಂಡು ಕಲ್ಲೆತ್ತುವವರು ಬಂದರು.
ಬಿಯೆಲ್ಯಿನಾಕ್ಕೆ ಒಂದು ಗಂಟೆಯ ದಾರಿ
ಆರು ವರ್ಷದ ದಾರಿಯಾಯಿತು.
ಆ ಫಲಕ ಈಗ ಕೋಳಿಗೂಡಿನ ತೂತು ಮುಚ್ಚಿದೆ.
"ಕೋಳಿಗಳು ಮಾತ್ರ ಇನ್ನೂ ತುಜ್ಲಾದವು," ಅಂದ,
ನಗದೆ.

ಮಾರ್ಚ್‌ನಲ್ಲಿ ತೆರಿಗೆ ಕಟ್ಟಲು ಬಂದಾಗ,
ನಾನು ಕೇಳುವ ಮೊದಲೇ: "ಹೋಗಿದ್ದೆ."

ಪೆಟ್ರೋಲ್ ಬಂಕಿನ ಹುಡುಗ ವ್ಯಾನಿನ ಹಿಂದೆ ಬಗ್ಗಿ
ಫಲಕ ಓದಿದನಂತೆ, ಮತ್ತೊಮ್ಮೆ ಓದಿದನಂತೆ,
ಏನೂ ಸಿಗದೆ ಚಳಿಯ ಮಾತೆತ್ತಿದನಂತೆ.
"ಹೌದು, ಚಳಿ, ಅಂದೆ.
ಅಷ್ಟು ಹೇಳುವುದರೊಳಗೆ ಅಂಗಿ ಬೆವರಿತ್ತು."

ಹೋದದ್ದು ಹಿಟ್ಟು ನಾದುವ ಯಂತ್ರದ ತೋಳಿಗೆ.
ತೊಂಬತ್ತೆರಡರ ವಸಂತದಲ್ಲಿ ಮುರಿದಿತ್ತು,
ಬೆಸುಗೆಗೆಂದು ನೆದೆಲ್ಕೊನ ಷೆಡ್ಡಿನಲ್ಲಿ ಬಿಟ್ಟು
"ಗುರುವಾರ ಬರುತ್ತೇನೆ" ಅಂದಿದ್ದ.

"ಸಿಕ್ಕಿದನೇ ನೆದೆಲ್ಕೊ?"
"ಬೀಗ. ಪಕ್ಕದವರಿಗೂ ಗೊತ್ತಿಲ್ಲ, ಅಥವಾ ಹೇಳಲಿಲ್ಲ.
ಕಿಟಕಿಯ ಧೂಳು ಒರೆಸಿ ಇಣುಕಿದೆ.
ಮೊಳೆಗೆ ತೂಗುಬಿಟ್ಟಿದ್ದಾನೆ. ಬೆಸುಗೆ ಆಗಿದೆ, ಚೆನ್ನಾಗಿ ಆಗಿದೆ.
ದಾರಕ್ಕೆ ಒಂದು ಚೀಟಿ. ನನ್ನ ಹೆಸರು,
ಅವನ ಲಿಪಿಯಲ್ಲಿ,
ಚ ಸಮೇತ."

ರಸೀದಿಗೆ ಮೊಹರು ಒತ್ತಿದೆ. ಶಾಯಿ ಒಣಗಿತ್ತು,
ಎರಡನೇ ಸಲ ಒತ್ತಬೇಕಾಯಿತು.
ಗುರುವಾರ ಮತ್ತೆ ಹೋಗುತ್ತಾನಂತೆ.