ಖಾಲಿ ಎಂಬ ಊರು

ಝುಗ್ದಿದಿಯ ಗೋದಾಮಿನಲ್ಲಿ ಅಕ್ಟೋಬರಿನ ಕೊನೆಯ ವಾರ.
ಕಾಯಿ ಒಡೆಯುವ ಯಂತ್ರ ನಿಂತರೂ
ಕಿವಿಯೊಳಗೆ ಅದು ನಿಲ್ಲುವುದಿಲ್ಲ.
ಕೀಬೋರ್ಡಿನ ಸಂದಿಯಲ್ಲೂ
ಹೇಜಲ್ ಸಿಪ್ಪೆಯ ಕಂದು ಪುಡಿ.

ಗೋಚಾ ಬಾಗಿಲಲ್ಲೇ ನಿಂತು ಹೇಳಿದ: "ಮ್ಜೆವಿನಾರ್,
ಜರ್ಮನಿಯವರಿಗೆ ಒಂದು ಪಿವಟ್ ಬೇಕಂತೆ.
ಉದ್ದಕ್ಕೆ ಊರು, ಅಡ್ಡಕ್ಕೆ ತಿಂಗಳು,
ನಡುವೆ ತೂಕ. ಒಂದೇ ಪುಟ. ಸಂಜೆಯೊಳಗೆ."
ಒಂದೇ ಪುಟ ಅನ್ನುವವರು ಯಾರೂ
ಆ ಪುಟದ ಬೆನ್ನಿಗಿರುವ ಹದಿನೇಳು ಟೇಬಲ್ಲು ಕಂಡವರಲ್ಲ.

ಸಾಫ್ಟ್‌ವೇರ್ ಮಾರಿಹೋದ ಟಿಬಿಲಿಸಿಯ ಹುಡುಗ
ಆಣೆ ಮಾಡಿದ್ದ: ಎಲ್ಲ ವರದಿಯೂ ಒಳಗೇ ಇದೆ, ಒತ್ತಿದರೆ ಸಾಕು.
ಒತ್ತಿದೆ. ಬಂದವು,
ನಮಗೆ ಬೇಡದ ನಲವತ್ತು.
ಬೇಕಾದ ಒಂದನ್ನು ನಾನೇ ಹೆಣೆಯಬೇಕು.

ಮೊದಲು ರಸೀದಿ. ರಸೀದಿಗೆ ರೈತ. ರೈತನಿಗೆ ಊರು.
ಕಾಜಕ್ಕೆ ಗುಂಡಿ ಹೊಂದಿಸಿದ ಹಾಗೆ
ಸಂಖ್ಯೆಗೆ ಸಂಖ್ಯೆ ಸಿಕ್ಕಿಸುತ್ತ ಬಂದೆ.
ಒಂದು ಅಲ್ಪವಿರಾಮ ಜಾಸ್ತಿಯಾಗಿ
ಎರಡು ಸಲ ಪರದೆ ಮುಖ ಕೆಂಪು ಮಾಡಿಕೊಂಡಿತು.
ಮೂರನೆಯ ಸಲ ಕ್ವೆರಿ ಓಡಿತು. ಒಂಬತ್ತು ಸಾವಿರ ಸಾಲು.
ಪಿವಟ್ಟಿಗೆ ಎತ್ತಿ ಹಾಕಿದೆ,
ಮದುವೆ ಊಟದ ಉದ್ದನೆಯ ಮೇಜುಬಟ್ಟೆ
ಮಡಚುತ್ತ ಮಡಚುತ್ತ ಕರವಸ್ತ್ರವಾದ ಹಾಗೆ
ಇಪ್ಪತ್ತಮೂರು ಊರು, ಮೂರು ತಿಂಗಳು.
ಎಷ್ಟು ಚಂದ!

ತಾಳೆ ನೋಡಿದೆ. ಆಗಲಿಲ್ಲ.

ತಕ್ಕಡಿಯ ಬಳಿ ಕೂರುವ ಲಾಮಾರಾ
ಇನ್ನೂ ಪೆನ್ಸಿಲ್ಲಿನಲ್ಲಿ ಬರೆಯುತ್ತಾಳೆ,
ಕರೆಂಟು ಹೋದರೂ ಅಳಿಯದ ಲೆಕ್ಕ.
ಅವಳಲ್ಲಿ ಮುನ್ನೂರ ಹನ್ನೆರಡು ಟನ್. ನನ್ನಲ್ಲಿ ಮುನ್ನೂರ ಒಂದು.
ಹನ್ನೊಂದು ಟನ್ ತಿನ್ನುವ ಇಲಿ
ಈ ಗೋದಾಮಿನಲ್ಲಿಲ್ಲ.

"ಅವಾ? ಎಂಗುರಿ ದಾಟಿ ಬಂದ ಚೀಲ," ಎಂದಳು, ತಲೆಯೆತ್ತದೆ.
"ಸೇತುವೆ ಬಿಟ್ಟ ದಿನ ಕೈಗಾಡಿಯಲ್ಲಿ ಬರುತ್ತವೆ.
ಬಿಡದ ದಿನ ಆ ದಡದಲ್ಲೇ ಮುಗ್ಗುತ್ತವೆ.
ಹೆಸರುಂಟು ಅವರಿಗೆ. ಊರು?
ನಿನ್ನ ಪಟ್ಟಿಯಲ್ಲಿ ಇದೆಯೇನು, ನೋಡು."

ಇರಲಿಲ್ಲ.
ಎರಡೂ ಕಡೆ ಜೋಡಿ ಸಿಕ್ಕರೆ ಮಾತ್ರ ಉಳಿಸಿಕೋ
ಎಂದು ನಾನೇ ಬರೆದಿದ್ದೆ.
ಇನ್ನರ್ ಜಾಯಿನ್: ಚಿಕ್ಕ ಮಾತು, ಅಚ್ಚುಕಟ್ಟು,
ಜೋಡಿಯಿಲ್ಲದವರನ್ನು ಸದ್ದಿಲ್ಲದೆ ಹೊರಗೆ ನಿಲ್ಲಿಸುತ್ತದೆ.
ತಪ್ಪೆಂದು ಕೂಡ ತೋರಿಸುವುದಿಲ್ಲ.
ಚೀಲ ಇಳಿಸಿದವರು, ದುಡ್ಡು ಎರಡು ಸಲ ಎಣಿಸಿಕೊಂಡವರು,
ತೂಕ ಕಮ್ಮಿಯೆಂದು ಲಾಮಾರಾಳ ಜೊತೆ ಜಗಳವಾಡಿದವರು,
ಆಟಕ್ಕುಂಟು, ಲೆಕ್ಕಕ್ಕಿಲ್ಲ.

ಒಂದು ಪದ ಅಳಿಸಿದೆ. 'ಲೆಫ್ಟ್' ಎಂದು ಬರೆದೆ.
ಮುನ್ನೂರ ಹನ್ನೆರಡು.
ಇಪ್ಪತ್ತಮೂರು ಊರುಗಳ ಕೆಳಗೆ
ಇಪ್ಪತ್ತನಾಲ್ಕನೆಯದು ಬಂದು ಕೂತಿತು:
ಊರಿನ ಹೆಸರು, ಖಾಲಿ.
ಆಗಸ್ಟಿನಲ್ಲಿ ಎರಡು ಟನ್, ಸೆಪ್ಟೆಂಬರಿನಲ್ಲಿ ಆರು,
ಈ ತಿಂಗಳು ಮೂರು.
ನಕ್ಷೆಯಲ್ಲಿ ಇಲ್ಲದ್ದಕ್ಕೆ ಒಳ್ಳೆಯ ಫಸಲೇ.

"ಇದೇನಿದು?" ಗೋಚಾ ಬಗ್ಗಿ ನೋಡಿದ.
"ಫಿಲ್ಟರಿನಲ್ಲಿ ಆ ಗುರುತು ತೆಗೆದುಬಿಡು ಮಾರಾಯ್ತಿ,
ಖಾಲಿ ಎಲ್ಲಿದೆ ಎಂದು ಕೇಳಿದರೆ
ನಾನೇನು ಹೇಳಲಿ?"

ನಾನು ಮಾತಾಡಲಿಲ್ಲ.
ಆರು ಎಂಬ ಅಂಕಿಯ ಮೇಲೆ ಎರಡು ಸಲ ಒತ್ತಿದೆ.
ಪಿವಟ್ಟಿನ ಗುಣವೇ ಅದು, ಮೊತ್ತವನ್ನು ತಟ್ಟಿದರೆ
ಒಳಗಿದ್ದವರು ಎದ್ದು ಬರುತ್ತಾರೆ.
ದೊಮೆಂತಿ, ನೂರ ಹತ್ತು ಕಿಲೋ.
ಜುಂಬೆರ್, ಎಪ್ಪತ್ತೆರಡು. ಒತಿಯಾ, ಇನ್ನೂರು ಚಿಲ್ಲರೆ.
ಗೋಚಾನ ಬೆರಳು ಗಾಜಿನ ಮೇಲೆ ಇಳಿಯುತ್ತ ಇಳಿಯುತ್ತ
ಒಂದು ಕಡೆ ನಿಂತಿತು:
ತ್ಸುತ್ಸುನಾ, ಅರವತ್ತನಾಲ್ಕು.
ಅವನ ಹೆಂಡತಿಯ ತಾಯಿ.
ವಾರಕ್ಕೊಮ್ಮೆ ಫೋನು ಹತ್ತಿದರೆ ಹತ್ತಿತು.

ಸ್ವಲ್ಪ ಹೊತ್ತು ಸುಮ್ಮನಿದ್ದ.
ಜೇಬಿನಿಂದ ಒಂದು ಕಾಯಿ ತೆಗೆದು, ಒಡೆಯದೆ, ಮತ್ತೆ ಒಳಗಿಟ್ಟ.
"ಆ ಸಾಲಿನ ಫಾಂಟು ತುಸು ಚಿಕ್ಕದು ಮಾಡು," ಎಂದು
ಬಾಗಿಲ ಕಡೆ ನಡೆದ.

ಮಾಡಿದೆ. ಒಂಬತ್ತು.
ಕನ್ನಡಕವಿದ್ದರೆ ಓದಬಹುದು.