ಒಂದು ಖ ಕಡಿಮಿ

ಗದಗಿನ್ಯಾಗ, ತೋಂಟಪ್ಪನ ಪ್ರೆಸ್ಸಿನ್ಯಾಗ
ಮೊಳಿ ಜೋಡಸೂದು ನನ್ನ ಕೆಲಸಿತ್ತು.
ಸೀಸದ ಮೊಳಿ. ಕನ್ನಡ್ಯಾಗ ನೋಡಿಧಾಂಗ ಉಲ್ಟಾ ಅಕ್ಷರ.
ಸೀದಾ ಓದಾಕ ಬರೂಕಿಂತ ಮೊದಲ
ನನಗ ತಿರುವಿ ಓದಾಕ ಬರತಿತ್ತು.

ಅ, ಕ, ರ, ತ ಬೊಗಸಿಗಟ್ಟಲೆ.
ಖ ಮಾತ್ರ ಹನ್ನೆರಡ.
ಇನ್ನೊಂದ ಡಜನ್ ತರಸ್ರಿ ಅಂದ್ರ ತೋಂಟಪ್ಪ
‘ಖ ಯಾರ ಬಳಸ್ತಾರವಾ ಅಷ್ಟ?’ ಅಂತಿದ್ದ.

ಆ ವರ್ಷ ದಾವಲಸಾಬ ನದಾಫರ ಹೊಸ ನಾಟಕ.
ಕಡೀ ಸೀನಿನ್ಯಾಗ ಸೊಸಿ ವಿಷ ಕುಡೀತಾಳ,
ಹೊರಗ ಗಂಡ ಬಾಗಲಾ ಬಡೀತಾನ,
ಬಡಕೋತನ ಇರತಾನ.

ಮುಂಡರಗಿ ಕ್ಯಾಂಪಿನ್ಯಾಗ ಪರದೆ ಬಿತ್ತು.
ಮಂದಿ ಏಳಲಿಲ್ಲ.
ಲೈಟ್ ಆರಿಸಿದ್ರು. ಕತ್ತಲದಾಗ ಬೀಡಿ ಹಚಗೊಂಡು ಕುಂತ್ರು.
ನೆಲದ ಟಿಕೀಟಿನ ಮುದುಕಿಯೊಬ್ಬಾಕಿ,
ತೊಡಿ ಮ್ಯಾಲೆ ಮೊಮ್ಮಗ ನಿದ್ದಿಹತ್ತಿದ್ದ, ಅಂದ್ಲಂತ:
‘ಎಬ್ಬಸ್ರೆಪಾ ಆಕೀನ್ನ. ಎದ್ದ ಮ್ಯಾಲೆ ಹೊಕ್ಕೇವಿ.’
‘ಯವ್ವಾ, ಅದು ನಾಟಕ,’ ಮ್ಯಾನೇಜರ ಕೈಮುಗದ.
‘ನಾಟಕ ಅಂತನ ಕೇಳಾಕತ್ತೀನಿ.
ಖರೇ ಆಗಿದ್ರ ಕೇಳತಿದ್ನೇನು?’

ಅರ್ಧಾ ಬಣ್ಣ ಒರಸಿದ ಮಾರಿಲೇ ಚಂಪಾಬಾಯಿ ಹೊರಗ ಬಂದು
ಎಲ್ಲಾರ ಮುಂದ ನಿಂತು ಒಂದ ಮಿರ್ಚಿ ಕಡದ್ಲು,
ಒಂದ ಮುಟಗಿ ಚುನಮರಿ ಮುಕ್ಕಿದ್ಲು, ನೀರ ಕುಡದ್ಲು.
ಆಕೀ ಗಂಟಲ ಆಡಿದ್ದ ನೋಡಿ
ಮಂದಿ ಎದ್ದು ಚಾಪಿ ಝಾಡಿಸಿದ್ರು.

ಮರದಿನ ರಾತ್ರಿ ದಾವಲಸಾಬರು ಪ್ರೆಸ್ಸಿಗೆ ಓಡಿ ಬಂದ್ರು:
‘ಪುಸ್ತಕ ನಿಂದರಸು ಫಕೀರವ್ವಾ,
ಕಡೀ ಹಾಳಿ ಬ್ಯಾರೇ ಬರದೀನಿ.’
ಹೊಸಾ ಹಾಳ್ಯಾಗ ಬಾಗಲಾ ಮುರೀತದ,
ಬಟ್ಟಲಾ ಉರುಳತದ, ವಿಷ ನೆಲಾ ಕುಡೀತದ.
‘ಇನ್ನು ನಮ್ಮ ಬಾಳೆಲ್ಲ ಸು’
ಇಲ್ಲೀತನಾ ಜೋಡಿಸಿ ಖದ ಮನೀಗೆ ಕೈ ಹಾಕಿದ್ನಿ.
ಧೂಳು. ಒಂದ ಜಿರಳಿ ಕಾಲು.

ಅಡತಿ ಅಂಗಡಿ ಖರೀದಿ ಚೀಟ್ಯಾಗ ಎಂಟು ಸಿಕ್ಕೊಂಡಾವ.
ಪಂಚಾಂಗದ ಮುಖಪುಟದಾಗ ಒಂದು.
ಲೇಖಕರು ದಾವಲಸಾಬ ನದಾಫ, ಅಲ್ಲೊಂದು.
ಒಂದು ಮೂಗು ಮುರದದ್ದು.

ಇನ್ನೊಂದು ಎಲ್ಲೈತಿ ಅಂತ ನನಗ ಗೊತ್ತಿತ್ತು.
ಕಿಡಕಿ ಕಟ್ಟಿ ಮ್ಯಾಲೆ, ದಾರ ಸುತ್ತಿ ಇಟ್ಟದ್ದು,
ಅಂದಾನಪ್ಪನ ಶಿವಗಣಾರಾಧನಿ ಕಾರ್ಡು.
ಹುಲಕೋಟಿ ಗಿರಣಿಗೆ ಹೋದಾಂವ ಚಕ್ಕಡ್ಯಾಗ ಬಂದ.
ನಾನ ಜೋಡಿಸಿದ್ನಿ. ಮತ್ತ್ಯಾರ ಜೋಡಸ್ತಾರ?
ಬ್ಯಾರೇ ಕಾರ್ಡ ಆದ್ರ ಅವತ್ತ ಸಂಜೀಕ ಬಿಚ್ಚಿ
ಅಕ್ಷರ ಅವರವರ ಮನೀಗೆ ಕಳಸ್ತಿದ್ನಿ.
ಇದು ಎರಡ ತಿಂಗಳಿಂದ ಹಂಗ ಕುಂತಿತ್ತು.
ತೋಂಟಪ್ಪ ನೋಡಿಯೂ ನೋಡಧಾಂಗ ಇದ್ದ.
ಕಡೀ ಸಾಲು: ದುಃಖತಪ್ತರು,
ಫಕೀರವ್ವ ಮತ್ತು ಮಕ್ಕಳು.

ದಾರ ಬಿಚ್ಚಿದ್ನಿ.
ಚಿಮಟಾ ಹಾಕಿ ಜಗ್ಗಿದ್ರ ಮೊದಲ ಬರಲಿಲ್ಲ, ಮಸಿ ಹಿಡದಿತ್ತು.
ಆಮ್ಯಾಲೆ ಬಂತು.
ಹಲ್ಲ ಬಿದ್ದ ಬಾಯಿಯಾಂಗ ತೂತು ಉಳೀತು,
ದುಃ, ತಪ್ತರು.
ಚಿಮಣಿಎಣ್ಣಿ ಅರಬೀಲೇ ಒರಸಿ ಸು ಮಗ್ಗಲಾ ಇಟ್ನಿ.
ಅದ ಮೊಳಿ. ಅದ ಸೀಸ. ತಣ್ಣಗಿತ್ತು.
‘ಖ ಸಿಕ್ತೇನವಾ?’ ಅಂದ್ರು ದಾವಲಸಾಬರು.
‘ಹೂಂನ್ರಿ, ಇತ್ತೊಂದು.’

ರೋಣದ ಕ್ಯಾಂಪಿಗೆ ನಾನೂ ಹೋಗಿದ್ನಿ, ನೆಲದ ಟಿಕೀಟು.
ಎಲ್ಲಾ ಮಾತು ನನಗ ಬಾಯಿಪಾಠ, ಉಲ್ಟಾ ಸೀದಾ ಎರಡೂ.
ಬಾಗಲಾ ಮುರೀತದ ಅಂತ ಗೊತ್ತಿತ್ತು,
ಆ ಮುರಿಯೂ ಮಾತು ಬೆರಳಿಲೇ ಇಟ್ಟಾಕಿನ ನಾನು,
ಆದ್ರೂ ಅಂವಾ ಬಡ್ಯೂತನಕ
ಉಸರ ಹಿಡದ ಕುಂತಿದ್ನಿ.
ಮುರೀತು. ಚಪ್ಪಾಳಿ ಹೊಡದ್ನಿ, ಅಂಗೈ ಕೆಂಪಾಗೂ ಹಂಗ.

ಸರಿರಾತ್ರಿ ಮನಿಗೆ ಬಂದು ಚಿಲಕಾ ಹಾಕಿದ್ನಿ.
ಯಾಕೋ ಬ್ಯಾಡನಸ್ತು. ತಗದು
ಬರೇ ಮುಂದಕ ಮಾಡಿ ಮಲಗಿದ್ನಿ.

ಮುಂಜಾನೆ ಎದ್ದು ನೋಡತೇನಿ, ಬಾಗಲಾ ಹಾರ ಹೊಡದೈತಿ,
ಬೆಕ್ಕು ಹಾಲೆಲ್ಲಾ ಕುಡದು ಹೋಗೇತಿ.