ಒಳಗೆ ಬಿಟ್ಟ ಬಟ್ಟೆ

ಮಂಡಿಪೇಟೆಯ ಈ ಓಣಿಯಲ್ಲಿ
ಎಲ್ಲರ ನಿಜವೂ ನನ್ನ ಕೆಂಪು ಪುಸ್ತಕದಲ್ಲಿದೆ:
ಎದೆ, ನಡು, ತೋಳು, ಬೆನ್ನಿನ ಆಳ.
ಯಾರಿಗೂ ತೋರಿಸುವುದಿಲ್ಲ.

ನರ್ಸಿಂಗ್ ಹಾಸ್ಟೆಲಿನ ಐದು ಹುಡುಗಿಯರು ಬಂದರು,
ಒಂದೇ ಥಾನಿನ ಹಸಿರು, ಒಂದೇ ಫೋಟೋ ಮುಂದೆ ಹಿಡಿದು.
'ಐದೂ ಜನ ಹಿಂಗೇ ಕಾಣ್ಬೇಕಕ್ಕ, ಗ್ರೂಪಿಗೆ ಹಾಕ್ತೀವಿ.'
ಫೋಟೋದವಳಿಗೆ ಪಕ್ಕೆಲುಬೇ ಇದ್ದಂತಿಲ್ಲ.

ಜಗಳೂರು ಕಡೆಯ ಹಾಲಮ್ಮ,
ಫೋನಿನೊಳಗೆ ಹನಿ.
ಟೇಪು ಸುತ್ತಿದೆ; ಉಸಿರು ಒಳಗೆಳೆದು ನಿಂತಳು.
'ಬಿಡವ್ವ' ಅಂದೆ. ಬಿಡಲಿಲ್ಲ.
ಉಳಿದವರು ಗೋಡೆ ನೋಡಿದರು,
ಒಬ್ಬಳು ಮಾತ್ರ ನನ್ನ ಪೆನ್ಸಿಲು.
'ಮೂವತ್ನಾಲ್ಕು ಅಂತ ಬರಕಳ್ರಿ' ಪಿಸುಗುಟ್ಟಿದಳು ಹಾಲಮ್ಮ.
ಮೂವತ್ತೆಂಟರಲ್ಲಿ ನಿಂತಿತ್ತು ಟೇಪು.

ಬರೆದೆ. ಹೊಲಿದದ್ದು ಬೇರೆ.
ಎರಡೂ ಪಕ್ಕಕ್ಕೆ ಎರಡೆರಡು ಬೆರಳು ಬಟ್ಟೆ
ಒಳಗೆ ಮಡಚಿ ಬಿಟ್ಟೆ,
ಮುಂದಿನ ಹಬ್ಬಕ್ಕೆ, ಹೆರಿಗೆಗೆ,
ನೈಟ್ ಡ್ಯೂಟಿ ಮುಗಿದ ಬೆಳಗಿನ ಬೆಣ್ಣೆದೋಸೆಗೆ.

ನಿನ್ನೆ ಬಂದು ಇಲ್ಲೇ ಉಟ್ಟುಕೊಂಡು
ಅಂಗಡಿ ಮುಂದೆಯೇ ತೆಗೆಸಿಕೊಂಡ ಚಿತ್ರ
ಇವತ್ತು ನನ್ನ ಫೋನಿಗೂ ಬಂತು.
ಐವರಿಗೂ ಒಂದೇ ಮೂಗು.
ಹಾಲಮ್ಮನ ನಡು ಒಂದು ಹಿಡಿ.
ಅವಳ ಪಕ್ಕದಲ್ಲಿ ನನ್ನ ಬಾಗಿಲ ಚೌಕಟ್ಟು
ಒಳಕ್ಕೆ ಬಳುಕಿದೆ, ಸೋರೆಬಳ್ಳಿಯ ಹಾಗೆ.

ತೇಗದ ಮರ.
ನಮ್ಮ ಮನೆಯವರು ತೂಗುಗುಂಡು ಬಿಟ್ಟು ನೋಡಿ ನಿಲ್ಲಿಸಿದ್ದು.

ಗಿರಾಕಿಗಳು ಹೋದ ಮೇಲೆ
ಮೆಲ್ಲಗೆ ಎದ್ದೆ, ಟೇಪು ಹಿಡಿದು
ಮೇಲೆ ಅಳೆದೆ, ಕೆಳಗೆ ಅಳೆದೆ, ನಡು ಅಳೆದೆ.
ನೆಟ್ಟಗೇ ಇತ್ತು.

ಮತ್ತೊಮ್ಮೆ ಅಳೆದೆ.